ಹಿಮದ ಒಡಲು

ಗೋಕಾಕ, ಮೂಡಲಗಿ, ಹುಕ್ಕೇರಿಗಳ ನೆಲಕ್ಕೆ ಹಿಮದ ಪರಿಚಯವಿಲ್ಲ. ಮಾಗಿಯ ಮುಂಜಾವಿನಲ್ಲಿ ಕಬ್ಬಿನ ಗರಿಯ ಮೇಲೆ ನಿಲ್ಲುವ ಇಬ್ಬನಿಯೇ ನಮ್ಮ ಚಳಿಗಾಲದ ಗುರುತು. ಆದರೂ ಹಿಮದ ವಿಚಾರ ನಮಗೆ ದೂರದ್ದಲ್ಲ. ನಮ್ಮ ಸೀಮೆಯ ಎಷ್ಟೋ ತರುಣರು ಸೈನ್ಯವನ್ನು ಸೇರುತ್ತಾರೆ; ಹಿಮಾಲಯದ ಗಡಿಯನ್ನು ಕಾಯುವ ಭಾರವೂ ಅವರ ಹೆಗಲಿಗೆ ಬರುತ್ತದೆ.

2016ರ ಫೆಬ್ರುವರಿ 3ರಂದು ಸಿಯಾಚಿನ್ ಪ್ರದೇಶದಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮಗಡ್ಡೆಯ ಗೋಡೆಯೊಂದು ಕುಸಿದು, ಮದ್ರಾಸ್ ರೆಜಿಮೆಂಟಿನ 10 ಯೋಧರು ಹೂತುಹೋದರು. ಆರನೆಯ ದಿನ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಜೀವಂತವಾಗಿ ದೊರೆತರು. ನಾಡೆಲ್ಲ ಅವರಿಗಾಗಿ ಪ್ರಾರ್ಥಿಸಿತು. ಆದರೆ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು.

ಹಿಮಗಡ್ಡೆಯ ಗೋಡೆ ಕುಸಿಯುವುದು ಒಂದು ಬಗೆ. ಇಳಿಜಾರಿನಲ್ಲಿ ಹಿಮದ ಪದರ ಜಾರುವುದು ಇನ್ನೊಂದು ಬಗೆ. ಹೆಚ್ಚಾಗಿ ಸಂಭವಿಸುವ ಈ ಎರಡನೆಯದನ್ನು ಅರಿಯಲು ನಮ್ಮ ಮನೆಯ ಬೆಲ್ಲ, ಸಕ್ಕರೆಗಳೇ ಸಾಕು. ಬೆಲ್ಲದ ಪೆಂಟೆಯಲ್ಲಿ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುತ್ತವೆ. ಸಕ್ಕರೆಯ ಹರಳುಗಳು ಬಿಡಿಬಿಡಿಯಾಗಿ ಜಾರುತ್ತವೆ. ಹಿಮವು ಒಮ್ಮೆಗೇ ಬೀಳದೆ ಪದರಪದರವಾಗಿ ಕೂಡುತ್ತದೆ. ಕಡುಚಳಿಯಲ್ಲಿ ಒಳಗಿನ ಒಂದು ಪದರ ಸಕ್ಕರೆಯಂತೆ ಹರಳುಗಟ್ಟಿ ಹಿಡಿತವನ್ನು ಕಳೆದುಕೊಳ್ಳುವುದುಂಟು. ಅದರ ಮೇಲೆ ಹೊಸ ಹಿಮವೋ ಗಾಳಿ ತಂದೊಡ್ಡಿದ ಹಿಮವೋ ಹೇರಿಕೊಂಡಾಗ ಒಬ್ಬ ಮನುಷ್ಯನ ಹೆಜ್ಜೆಯ ಭಾರಕ್ಕೂ ಮೇಲಿನ ಹಾಸು ಬಿರಿದು ಜಾರುತ್ತದೆ. 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ ಈ ಅಪಾಯ ಹೆಚ್ಚು.

ಹಿಮವು ಮುನ್ಸೂಚನೆಯನ್ನೂ ಕೊಡುತ್ತದೆ. ಕಾಲಡಿಯಲ್ಲಿ ಧಸಕ್ಕೆಂಬ ಸದ್ದು, ಓಡುವ ಬಿರುಕು, ಸಮೀಪದಲ್ಲಿ ಆಗತಾನೆ ಆದ ಕುಸಿತ ಕಂಡರೆ ಹಿಂದಿರುಗಬೇಕು. ಅನಿವಾರ್ಯವಾಗಿ ದಾಟಬೇಕಾದಲ್ಲಿ ಒಬ್ಬೊಬ್ಬರಾಗಿ ದಾಟಬೇಕು. ಉಳಿದವರು ಸುರಕ್ಷಿತ ಸ್ಥಳದಲ್ಲಿ ನಿಂತು ನೋಡುತ್ತಿರಬೇಕು. ಪ್ರತಿಯೊಬ್ಬನ ಬಳಿಯೂ ಸಂಕೇತ ಕಳಿಸುವ ಯಂತ್ರ, ಹಿಮದಲ್ಲಿ ಚುಚ್ಚಿ ಹುಡುಕುವ ಉದ್ದನೆಯ ಕೋಲು, ಸಲಿಕೆ ಇರಬೇಕು. ಹೂತವರನ್ನು ಕಾಲುಗಂಟೆಯೊಳಗೆ ತೆಗೆದರೆ ಬಹುಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಉಸಿರುಗಟ್ಟಿ ಸಾಯುವವರೇ ಹೆಚ್ಚು. ಆದುದರಿಂದ ಜೊತೆಗಾರನೇ ಮೊದಲ ರಕ್ಷಕ.

ಪ್ರವಾಸಿಗನು ಹಿಂದಿರುಗಬಲ್ಲನು, ಕಾವಲಿನ ಯೋಧನಿಗೆ ಠಾಣೆಯನ್ನು ಬಿಡುವ ಸ್ವಾತಂತ್ರ್ಯವಿಲ್ಲ. ಅವನ ಧೈರ್ಯವನ್ನು ಹೊಗಳಿದರಷ್ಟೇ ಸಾಲದು. ಹಿಮದ ಒಡಲನ್ನು ಓದುವ ವಿದ್ಯೆಯನ್ನು ಬೆಳೆಸಿ ಅವನಿಗೆ ಒದಗಿಸುವುದು ನಮ್ಮ ಕರ್ತವ್ಯ. ವಿದ್ಯಾರ್ಥಿಗಳೇ, ನಾಳೆ ಆ ವಿದ್ಯೆಯನ್ನು ಬೆಳೆಸುವವರು ನಿಮ್ಮಲ್ಲಿಯೂ ಇರಬಹುದು.

ಅಭ್ಯಾಸ

1. ಹಿಮದ ಪದರಗಳನ್ನು ಬೆಲ್ಲ, ಸಕ್ಕರೆಗಳಿಗೆ ಹೋಲಿಸಿರುವುದೇಕೆ?
2. ‘ಜೊತೆಗಾರನೇ ಮೊದಲ ರಕ್ಷಕ’ – ವಿವರಿಸಿರಿ.