ಶಾಲಾ ತಂಡದ ಚುರುಕು ಕಾರ್ಯವಿಧಾನ: ಕಿರುಗುರಿ, ಹಿನ್ನೋಟ, ತಿದ್ದುಪಡಿ

ಉದ್ದೇಶಗಳು
ಈ ಪಾಠವನ್ನು ಅಭ್ಯಸಿಸಿದ ಶಿಕ್ಷಕರು:
1. ವಾರ್ಷಿಕ ಯೋಜನೆಯನ್ನು ಎರಡು ವಾರಗಳ ಕಿರುಗುರಿಗಳಾಗಿ ವಿಭಜಿಸುವರು.
2. ಸಹೋದ್ಯೋಗಿಗಳೊಡನೆ ಫಲಿತಾಂಶವನ್ನು ವಿಮರ್ಶಿಸಿ ಬೋಧನೆಯನ್ನು ತಿದ್ದಿಕೊಳ್ಳುವರು.

ಪೀಠಿಕೆ
ಬೊಮ್ರಾಸಪೇಟ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ್ ಮೊದಲಾದ ಕಡೆಗಳಲ್ಲಿ ಕನ್ನಡ ಕಲಿಯುವ ಮಗುವಿನ ಕಿವಿಗೆ ತೆಲುಗು, ಉರ್ದು, ಲಂಬಾಣಿ ಮಾತುಗಳೂ ದಿನವೂ ಬೀಳುತ್ತವೆ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಕಲ್ಪಿಸಬೇಕೆನ್ನುತ್ತದೆ. ಆದರೆ ಆ ಸೌಲಭ್ಯವು ಸಾರ್ಥಕವಾಗುವುದು ಮಗುವು ಅರ್ಥವರಿತು ಓದಿದಾಗ ಮಾತ್ರ. ಜೂನ್ ತಿಂಗಳಿನಲ್ಲಿ ಸಿದ್ಧಪಡಿಸಿದ ಯೋಜನೆಯನ್ನು ಏಪ್ರಿಲ್‌ನಲ್ಲಿ ಒರೆಗೆ ಹಚ್ಚಿದರೆ, ಒತ್ತಕ್ಷರದಲ್ಲಿ ಎಡವಿದ ಮಗುವಿನ ಒಂದು ವರ್ಷವು ಕಳೆದೇ ಹೋಗಿರುತ್ತದೆ.

ಹಿನ್ನೆಲೆ
2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ಸೇರಿದ 17 ಮಂದಿ ತಂತ್ರಾಂಶ ತಜ್ಞರು ‘ಅಜೈಲ್’ ಎಂಬ ಕಾರ್ಯವಿಧಾನದ ಘೋಷಣೆಯನ್ನು ಹೊರಡಿಸಿದರು. ಕೆಲಸವನ್ನು ಸಣ್ಣ ಭಾಗಗಳಲ್ಲಿ ಪೂರೈಸುವುದು, ಬಳಸುವವರ ಅನುಭವವನ್ನು ಬೇಗನೆ ತಿಳಿಯುವುದು, ಅದಕ್ಕನುಗುಣವಾಗಿ ಯೋಜನೆಯನ್ನು ಬದಲಿಸುವುದು ಅದರ ತಿರುಳು.

ಇದಕ್ಕೂ ಮೊದಲೇ ಕನ್ನಡ ಶಾಲೆಗಳಲ್ಲಿ ಇದಕ್ಕೆ ಸಮೀಪವಾದ ಪ್ರಯತ್ನವೊಂದು ನಡೆದಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಋಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆಯಿಂದಲೂ ಯುನಿಸೆಫ್ ನೆರವಿನಿಂದಲೂ ‘ನಲಿ-ಕಲಿ’ ಆರಂಭವಾಯಿತು. ಪಠ್ಯವನ್ನು ಮೈಲಿಗಲ್ಲುಗಳಾಗಿ ಒಡೆದು, ಕಲಿಕಾ ಏಣಿಯಲ್ಲಿ ಜೋಡಿಸಿ, ಕಾರ್ಡುಗಳ ಮೂಲಕ ಕಲಿಸುವ ಈ ಪದ್ಧತಿಯನ್ನು ರೂಪಿಸುವಲ್ಲಿ ಶಿಕ್ಷಕರೇ ಪಾಲುಗೊಂಡರು. ಶಿಕ್ಷಕರು ಯಾವ ಪುಟದಲ್ಲಿದ್ದಾರೆ ಎಂಬುದನ್ನಲ್ಲ, ಮಗು ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಏಣಿಯು ತೋರಿಸುತ್ತದೆ.

ಅನುಷ್ಠಾನದ ಹಂತಗಳು
1. ಕಿರುಗುರಿ: ‘ಓದುವ ಸಾಮರ್ಥ್ಯವನ್ನು ಹೆಚ್ಚಿಸುವುದು’ ಎಂಬುದು ಅಳೆಯಲಾಗದ ಗುರಿ. ‘ಮೂರನೆಯ ತರಗತಿಯ ಮಕ್ಕಳು ಅಕ್ಕ, ಹಣ್ಣು, ಎಮ್ಮೆ ಮುಂತಾದ ಸಜಾತೀಯ ಒತ್ತಕ್ಷರದ ಪದಗಳನ್ನು ಓದುವರು’ ಎಂಬುದು ಎರಡು ವಾರಗಳಲ್ಲಿ ಪರೀಕ್ಷಿಸಬಹುದಾದ ಗುರಿ.

2. ಫಲಕ: ‘ಮಾಡಬೇಕಾದುದು’, ‘ನಡೆಯುತ್ತಿರುವುದು’, ‘ಮುಗಿದುದು’ ಎಂಬ ಮೂರು ಅಂಕಣಗಳಲ್ಲಿ ಗುರಿಗಳ ಚೀಟಿಗಳನ್ನು ಅಂಟಿಸಿರಿ. ನಡುವಣ ಅಂಕಣದಲ್ಲಿ ಎರಡಕ್ಕಿಂತ ಹೆಚ್ಚು ಚೀಟಿಗಳು ಬೇಡ. ಪಾಠವಾದ ಮಾತ್ರಕ್ಕೆ ಚೀಟಿಯು ‘ಮುಗಿದುದು’ ಎಂಬಲ್ಲಿಗೆ ಸೇರದು. ಮಕ್ಕಳು ಹಿಂದೆ ಕಾಣದ ವಾಕ್ಯದಲ್ಲಿ ಆ ಪದಗಳನ್ನು ಓದಿದಾಗ ಸೇರುತ್ತದೆ.

3. ದಿನದ ಮಾತುಕತೆ: ಪ್ರಾರ್ಥನೆಗೆ ಮುನ್ನ ಹತ್ತು ನಿಮಿಷ. ನಿನ್ನೆ ಏನಾಯಿತು, ಇಂದು ಏನು ಮಾಡುವೆವು, ಅಡ್ಡಿ ಯಾವುದು: ಇಷ್ಟೇ ವಿಷಯ.

4. ಹಿನ್ನೋಟ: ಎರಡು ವಾರಗಳ ಕೊನೆಗೆ ತಂಡವು ಕುಳಿತು, ಫಲಿಸಿದ್ದು ಯಾವುದು, ಫಲಿಸದ್ದು ಯಾವುದು, ಏಕೆ ಎಂದು ವಿಚಾರಿಸಬೇಕು. ಮುಂದಿನ ಅವಧಿಗೆ ಒಂದೇ ಒಂದು ಬದಲಾವಣೆಯನ್ನು ಆರಿಸಿಕೊಂಡರೆ ಅದರ ಫಲ ಸ್ಪಷ್ಟವಾಗಿ ಕಾಣುತ್ತದೆ. ಏಕೋಪಾಧ್ಯಾಯ ಶಾಲೆಯವರು ನೆರೆಯ ಶಾಲೆಯ ಶಿಕ್ಷಕರೊಡನೆ ದೂರವಾಣಿಯಲ್ಲಾದರೂ ಇದನ್ನು ನಡೆಸಬಹುದು.

ನಿದರ್ಶನ
‘ಅಕ್ಕ’ ಎಂಬುದನ್ನು ಸರಿಯಾಗಿ ಓದುವ ಮಕ್ಕಳು ‘ಸೂರ್ಯ’ ಎಂಬಲ್ಲಿ ತಡವರಿಸುತ್ತಾರೆ ಎಂದಿಟ್ಟುಕೊಳ್ಳಿರಿ. ‘ಇನ್ನಷ್ಟು ಅಭ್ಯಾಸ’ ಎಂಬ ತೀರ್ಮಾನವು ಇಲ್ಲಿ ಸಾಲದು, ಕಾರಣವನ್ನು ಹುಡುಕಬೇಕು. ಇಂದಿನ ತೆಲುಗು ಬರವಣಿಗೆಯಲ್ಲಿ ರಕಾರವು ಮೊದಲು ಬಂದು, ಯಕಾರವು ಅದರ ಕೆಳಗೆ ಒತ್ತಾಗಿ ನಿಲ್ಲುತ್ತದೆ. ಕನ್ನಡದಲ್ಲಿ ಮೊದಲು ಉಚ್ಚರಿಸುವ ರಕಾರವು ಯಕಾರದ ಅನಂತರ ಅರ್ಕಾವತ್ತಾಗಿ ಬರುತ್ತದೆ. ತೆಲುಗು ಲಿಪಿಯನ್ನೂ ಬಲ್ಲ ಮಗು ಇಲ್ಲಿ ಗೊಂದಲಗೊಳ್ಳುವುದು ಸಹಜ. ಎರಡೂ ರೂಪಗಳನ್ನು ಕರಿಹಲಗೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದು ಹೋಲಿಸುವುದೇ ಮುಂದಿನ ಅವಧಿಯ ಬದಲಾವಣೆ. ಈ ಮಾತನ್ನು ತೆಲುಗು ಶಿಕ್ಷಕರೂ ಸೇರಿದ ಹಿನ್ನೋಟವು ಬೇಗ ಗುರುತಿಸೀತು.

ಮುಖ್ಯೋಪಾಧ್ಯಾಯರ ಹೊಣೆ
ಫಲಕದಲ್ಲಿ ಉಳಿದ ಚೀಟಿಯನ್ನು ಶಿಕ್ಷಕರ ದೋಷವೆಂದು ಎಣಿಸಿದರೆ, ಮರುದಿನವೇ ಎಲ್ಲ ಚೀಟಿಗಳೂ ಕೊನೆಯ ಅಂಕಣಕ್ಕೆ ಸರಿಯುತ್ತವೆ. ಮಗು ಮಾತ್ರ ಇದ್ದಲ್ಲಿಯೇ ಉಳಿಯುತ್ತದೆ. ಆದುದರಿಂದ ಫಲಕವನ್ನು ತಪಾಸಣೆಯ ಸಾಧನವಾಗಿಸಬಾರದು. ಅದಕ್ಕಾಗಿ ಹೊಸ ದಾಖಲೆ ಪುಸ್ತಕವನ್ನೂ ಹೇರಬಾರದು. ಅಡ್ಡಿಗಳಲ್ಲಿ ತಮ್ಮ ಅಧಿಕಾರಕ್ಕೆ ಸೇರಿದುದನ್ನು ಕೂಡಲೆ ನಿವಾರಿಸಿ, ಉಳಿದುದನ್ನು ಮಂಡಲ ವಿದ್ಯಾಧಿಕಾರಿಗಳ ಗಮನಕ್ಕೆ ತರಬೇಕು.

ಆಲೋಚಿಸಿ – ಚರ್ಚಿಸಿ
1. ನಿಮ್ಮ ತರಗತಿಯಲ್ಲಿ ಪಾಠ ಮುಗಿದರೂ ಕಲಿಕೆ ಮುಗಿಯದ ಒಂದು ಅಂಶ ಯಾವುದು? ಅದು ನಿಮಗೆ ತಿಳಿದುದು ಯಾವಾಗ?
2. ಆ ಅಂಶವನ್ನು ಎರಡು ವಾರಗಳ ಕಿರುಗುರಿಯಾಗಿ ಬರೆದು, ಮುಂದಿನ ಶಾಲಾ ಸಂಕೀರ್ಣ ಸಭೆಯಲ್ಲಿ ಅದರ ಫಲಿತಾಂಶವನ್ನು ಮಂಡಿಸಿರಿ.