ಸದ್ದು ಹುಟ್ಟುವ ಎಡೆ: ಶಬ್ದಾತೀತ ವಿಮಾನದ ಒಂದು ಸಮಸ್ಯೆ

‘ಶಬ್ದ’ ತತ್ಸಮ, ‘ಸದ್ದು’ ಅದರ ತದ್ಭವ. ‘ಶಬ್ದಮಣಿದರ್ಪಣ’ದಲ್ಲಿ ಶಬ್ದದ ಉತ್ಪತ್ತಿಯನ್ನು ವಿವರಿಸುವ ಕೇಶಿರಾಜನು ನಾಭಿಮೂಲದ ಗಾಳಿಯನ್ನೂ ಕಹಳೆಯ ಹೋಲಿಕೆಯನ್ನೂ ತರುತ್ತಾನೆ. ಸದ್ದಿಗೂ ಗಾಳಿಯ ಚಲನೆಗೂ ಇರುವ ಈ ನಂಟನ್ನು ನೆನಪಿನಲ್ಲಿಟ್ಟುಕೊಂಡರೆ ಜೆಟ್ ವಿಮಾನದ ಮೊರೆತವನ್ನು ಅರಿಯುವುದು ಸುಲಭ.

ಪ್ರಯಾಣಿಕರ ವಿಮಾನಗಳಿಗೆ ಜೆಟ್ ಎಂಜಿನ್ ಬಂದ 1950ರ ದಶಕದಲ್ಲಿ ನಿಲ್ದಾಣಗಳ ಸುತ್ತಲಿನ ಜನರಿಗೆ ಅದರ ಆರ್ಭಟ ಅಸಹನೀಯವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಶ್ ಧವನ್ ಅವರ ಶಿಷ್ಯರಾಗಿದ್ದ ರೊದ್ದಂ ನರಸಿಂಹ (1933–2020) ಅಮೆರಿಕದ ಕ್ಯಾಲ್‌ಟೆಕ್‌ಗೆ ತೆರಳಿದಾಗ, ಅವರ ಸಂಶೋಧನೆ ಮೊದಲು ತೊಡಗಿದ್ದು ಈ ಸದ್ದನ್ನು ತಗ್ಗಿಸುವ ಪ್ರಶ್ನೆಯಲ್ಲಿಯೇ. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಅವರ ಗಮನ ವಿರಳ ಅನಿಲಗಳ ಚಲನೆಯತ್ತ ಹೊರಳಿತು.

ಜೆಟ್ಟಿನ ಮೊರೆತದ ಬಹುಪಾಲು ಎಂಜಿನ್ನಿನ ಒಳಗೆ ಹುಟ್ಟುವುದಿಲ್ಲ. ಹಿಂಬಾಯಿಯಿಂದ ರಭಸವಾಗಿ ಹೊಮ್ಮುವ ಬಿಸಿ ಅನಿಲದ ಧಾರೆ ಹೊರಗಿನ ನಿಶ್ಚಲ ಗಾಳಿಯೊಡನೆ ಬೆರೆಯುವಾಗ ಸುಳಿಗಳೇಳುತ್ತವೆ. ಆ ಸುಳಿಗಳ ಕ್ಷೋಭೆಯೇ ಸದ್ದು. ಇದರ ಗಣಿತವನ್ನು 1952ರಲ್ಲಿ ಜೇಮ್ಸ್ ಲೈಟ್‌ಹಿಲ್ ನಿರೂಪಿಸಿದರು. ಶಬ್ದವೇಗಕ್ಕಿಂತ ಕಡಿಮೆ ವೇಗದ ಧಾರೆಯಲ್ಲಿ ಸದ್ದಿನ ಶಕ್ತಿಯು ಧಾರೆಯ ವೇಗದ ಎಂಟನೆಯ ಘಾತಕ್ಕೆ ಅನುಗುಣವಾಗಿರುತ್ತದೆ. ಉಳಿದೆಲ್ಲವೂ ಹಾಗೆಯೇ ಇದ್ದು ವೇಗವೊಂದು ಅರ್ಧವಾದರೆ ಸದ್ದಿನ ಶಕ್ತಿ 256ರಲ್ಲಿ ಒಂದು ಪಾಲಿಗೆ, ಎಂದರೆ ಸುಮಾರು 24 ಡೆಸಿಬಲ್‌ನಷ್ಟು, ಇಳಿಯುತ್ತದೆ.

ಪರಿಹಾರದ ದಾರಿ ಇದರಿಂದಲೇ ತಿಳಿಯುತ್ತದೆ: ಸ್ವಲ್ಪ ಗಾಳಿಯನ್ನು ಅತಿವೇಗದಿಂದ ನೂಕುವ ಬದಲು ಹೆಚ್ಚು ಗಾಳಿಯನ್ನು ಮಂದವೇಗದಿಂದ ನೂಕಬೇಕು. ಇಂದಿನ ಸಾಮಾನ್ಯ ವಿಮಾನಗಳ ದೊಡ್ಡ ಬೀಸಣಿಗೆಯ ಎಂಜಿನ್ನುಗಳು ಮಾಡುವುದು ಇದನ್ನೇ. ಹಿಂಬಾಯಿಯ ಅಂಚನ್ನು ಅಲೆಯಂತೆ ಅಥವಾ ಗರಗಸದ ಹಲ್ಲಿನಂತೆ ಕತ್ತರಿಸಿ, ಗಾಳಿ ಬೆರೆಯುವ ಬಗೆಯನ್ನು ಬದಲಿಸುವುದು ಇನ್ನೊಂದು ಉಪಾಯ.

ಶಬ್ದಾತೀತ ವಿಮಾನಕ್ಕೆ ಈ ದಾರಿ ಇಕ್ಕಟ್ಟಿನದು. ಬೀಸಣಿಗೆ ಹಿಗ್ಗಿದಷ್ಟೂ ಎದುರುಗಾಳಿಯ ತಡೆ ಹೆಚ್ಚುತ್ತದೆ. ಶಬ್ದವನ್ನು ಮೀರಿ ಸಾಗಲು ಕಿರಿದಾದ ಎಂಜಿನ್ನೂ ರಭಸದ ಧಾರೆಯೂ ಬೇಕು. 1976ರಿಂದ 2003ರವರೆಗೆ ಪ್ರಯಾಣಿಕರನ್ನು ಒಯ್ದ ಕಾಂಕಾರ್ಡ್, ನೆಲ ಬಿಟ್ಟೇಳುವಾಗ ಹೊರಹೋಗುವ ಅನಿಲಕ್ಕೆ ಮತ್ತೆ ಇಂಧನ ಸುರಿದು ಉರಿಸುತ್ತಿತ್ತು. ಅದರ ಆರ್ಭಟಕ್ಕೆ ಇದೂ ಒಂದು ಕಾರಣ. ಶಬ್ದವೇಗವನ್ನು ಮೀರಿ ಹಾರುವಾಗ ನೆಲಕ್ಕೆ ಕೇಳಿಸುವ ಸಿಡಿಲಿನಂಥ ಸದ್ದು ಬೇರೆ. ಅದು ವಿಮಾನದ ಮೈ ಎಬ್ಬಿಸುವ ಆಘಾತ ತರಂಗದಿಂದ ಬರುತ್ತದೆ. ‘ಮೊರೆತ’ ಮತ್ತು ‘ಸಿಡಿತ’ ಎಂಬ ಎರಡು ಪದಗಳನ್ನು ಬೇರೆಬೇರೆಯಾಗಿ ಬಳಸಿದರೆ ಈ ಭೇದ ತಾನೇ ಸ್ಪಷ್ಟವಾಗುತ್ತದೆ.

ಇಂಥ ವಿಷಯ ಕನ್ನಡಕ್ಕೆ ಒಗ್ಗದೆಂಬ ಮಾತು ಆಗಾಗ ಕೇಳಿಬರುತ್ತದೆ. ನರಸಿಂಹ ಅವರ ತಂದೆ, ಭೌತಶಾಸ್ತ್ರದ ಅಧ್ಯಾಪಕ ಆರ್. ಎಲ್. ನರಸಿಂಹಯ್ಯನವರು ‘ಜಗತ್ತುಗಳ ಹುಟ್ಟು ಸಾವು’ ಬರೆದು ಆ ಮಾತಿಗೆ ಬಹುಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಹೊಸೂರಿನ ಬಳಿಯ ಬೆಳಗೊಂಡಪಳ್ಳಿಯಲ್ಲಿ ವಿಮಾನಪಟ್ಟಿ ಇದೆ. ಜವಳಗಿರಿಯಂಥ ಗಡಿ ಊರಿನ ವಿದ್ಯಾರ್ಥಿಗೆ ವಿಮಾನ ಅಪರಿಚಿತವಲ್ಲ. ಅದರ ಶಾಸ್ತ್ರವನ್ನು ತನ್ನ ನುಡಿಯಲ್ಲಿ ಓದುವ ಅವಕಾಶ ಮಾತ್ರ ಅಪರೂಪ. ಆ ಕೊರತೆಯನ್ನು ನೀಗುವ ಹೊಣೆ ಐಚ್ಛಿಕ ಕನ್ನಡ ಓದುವವರ ಮೇಲೂ ಇದೆ.

ಅಭ್ಯಾಸ: ಸದ್ದು, ಮೊರೆತ, ಸಿಡಿತ, ಆರ್ಭಟ, ಗದ್ದಲ—ಇವುಗಳ ಅರ್ಥಭೇದವನ್ನು ಉದಾಹರಣೆಗಳೊಡನೆ ವಿವರಿಸಿರಿ.