ಆಷಾಢ ದಾಟಿಸುವ ಮೇಷ್ಟ್ರು ಸಿಕ್ಕರೆ ಸಾಕು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳಲ್ಲಿ ನನ್ನ ಸೀಟಿಗೆ ಓಡಿದ ಮಕ್ಕಳಿಗೆ ಈಗ ನಲವತ್ತೈದು, ಐವತ್ತು. ಮದುವೆಮನೆಯಲ್ಲಿ ಸಿಕ್ಕರೆ ಎಲ್ಲರದ್ದೂ ಒಂದೇ ವರದಿ: ಮಂಡಿ, ಸೊಂಟ, ಶುಗರ್. "ಏನು ಮಾಡಬೇಕು ಹೇಳಿ ಮೇಷ್ಟ್ರೇ" ಅನ್ನುತ್ತಾರೆ, ಉತ್ತರ ಮುಗಿಯುವ ಮೊದಲೇ ಹೋಳಿಗೆ ಪಂಕ್ತಿಗೆ ಎದ್ದು ಹೋಗುತ್ತಾರೆ. ಅದಕ್ಕೇ ಬರೆದಿಟ್ಟಿದ್ದೇನೆ. ಬೇಕಾದ್ದು ಇಟ್ಟುಕೊಳ್ಳಿ.

• "ದಿನಾ ತೋಟಕ್ಕೆ ಹೋಗ್ತೀನಲ್ಲ, ನಂಗ್ಯಾಕೆ ವ್ಯಾಯಾಮ?" ತೋಟಕ್ಕೆ ಹೇಗೆ ಹೋಗ್ತೀರಿ ಮಾರಾಯ್ರೇ? ಬೈಕಿನಲ್ಲಿ. ಕೊನೆ ಇಳಿಸುವವನು ಕೊನೆಗೌಡ, ಮದ್ದು ಹೊಡೆಯುವವರು ದೋಟಿ ಹಿಡಿದ ಹುಡುಗರು, ಸುಲಿಯುವುದು ಯಂತ್ರ. ನಿಮ್ಮ ಪಾಲಿಗೆ ಉಳಿದದ್ದು ನಿಂತು ನೋಡುವುದು. 1953ರಲ್ಲಿ ಲಂಡನ್ನಿನ ಜೆರ್ರಿ ಮಾರಿಸ್ ಎಂಬ ವೈದ್ಯರು ಅಲ್ಲಿನ ಡಬಲ್‌ಡೆಕರ್ ಬಸ್ ನೌಕರರ ಲೆಕ್ಕ ಪ್ರಕಟಿಸಿದರು. ಕೂತು ಓಡಿಸುವ ಡ್ರೈವರುಗಳಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಇತ್ತು. ಬಸ್ಸು ಒಂದೇ ಆಗಿತ್ತು. ನಿಮ್ಮ ತೋಟದಲ್ಲೂ ಕಂಡಕ್ಟರ್ ಬೇರೆಯವನು, ನೀವು ಡ್ರೈವರ್. ನಿಜಕ್ಕೂ ಹಾರೆ, ಕತ್ತಿ ಹಿಡಿದು ದುಡಿಯುವವರ ಕಷ್ಟ ಇನ್ನೊಂದು ಬಗೆಯದು: ಬಗ್ಗಿಯೇ ಇರುವ ಬೆನ್ನು, ಒಂದೇ ಕೈಗೆ ಎಲ್ಲ ಭಾರ. ಅವರಿಗೆ ಮತ್ತಷ್ಟು ದಣಿವು ಬೇಡ, ಬೆನ್ನು ನೆಟ್ಟಗೆ ಮಾಡುವ, ಎದೆ ತೆರೆಯುವ ಹತ್ತು ನಿಮಿಷ ಬೇಕು.

• ಶುರು ಮಾಡುವ ಮೊದಲು ಬಿಪಿ, ಶುಗರ್ ನೋಡಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂವತ್ತು ದಾಟಿದವರಿಗೆ ದುಡ್ಡಿಲ್ಲದೆ ನೋಡುತ್ತಾರೆ. ಮನೆತನದಲ್ಲಿ ಹೃದಯದ ಕಾಯಿಲೆ ಇದ್ದವರು, ಏರು ಹತ್ತುವಾಗ ಎದೆ ಹಿಡಿದಂತಾಗುವವರು ವೈದ್ಯರು ಹೂಂ ಅನ್ನುವ ತನಕ ಯಾವ ಕೋಚ್ ಹತ್ತಿರವೂ ಹೋಗಬೇಡಿ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದಾಗ, ಜಿಮ್ಮಿಗೆ ಕಟ್ಟಿದ ದುಡ್ಡು ಬಿಟ್ಟು ಮನೆಯಲ್ಲಿ ಕೂತವರು ನಮ್ಮ ಕಡೆಯೂ ಇದ್ದಾರೆ. ಹೆದರಿಕೆ ತಪ್ಪಲ್ಲ. ಹೆದರಿ ತಪಾಸಣೆಗೆ ಹೋಗುವ ಬದಲು ಸೋಫಾಕ್ಕೆ ಹೋದದ್ದು ತಪ್ಪು.

• ಇನ್ನು ಕೋಚ್ ವಿಚಾರ. ತೋಳು ಉಬ್ಬಿಸಿದ ಹುಡುಗನೇ ಆಗಬೇಕಿಲ್ಲ. ಯೋಗ ಹೇಳಿಕೊಡುವ ಅಕ್ಕ, ಫಿಸಿಯೊಥೆರಪಿ ಓದಿದ ಹುಡುಗಿ, ನನ್ನಂಥ ನಿವೃತ್ತ ಪಿ.ಟಿ. ಮೇಷ್ಟ್ರು, ಯಾರಾದರೂ ಆದೀತು. ಗೋಡೆಯ ಮೇಲೆ ಪಟಿಯಾಲದ ಎನ್‌ಐಎಸ್ ಡಿಪ್ಲೊಮಾ ತೂಗಿದ್ದರೆ ಸಂತೋಷ. ಆದರೆ ಅದು ಆಟಗಾರರನ್ನು ತಯಾರು ಮಾಡುವ ವಿದ್ಯೆ, ಐವತ್ತರ ಮಂಡಿಯ ಪರಿಚಯ ಅದರಿಂದಲೇ ಬರುವುದಿಲ್ಲ. ಮೊದಲ ದಿನ ನೀವೇ ಅವರನ್ನು ಪರೀಕ್ಷೆ ಮಾಡಿ. ನಿಮ್ಮ ಮಾತ್ರೆ, ಹಳೇ ಪೆಟ್ಟು, ರಾತ್ರಿಯ ನಿದ್ದೆ ವಿಚಾರಿಸಿದರೇ? ಕೈಯೂರದೆ ಕುರ್ಚಿಯಿಂದ ಏಳಿಸಿ ನೋಡಿದರೇ? ನಿಮ್ಮಿಂದ ಆಗುವುದಕ್ಕಿಂತ ಕಡಿಮೆ ಮಾಡಿಸಿ ಮನೆಗೆ ಕಳಿಸಿದರೇ? ಹಾಗಾದರೆ ಅವರನ್ನು ಬಿಡಬೇಡಿ. ಮೊದಲ ದಿನವೇ ವಾಕರಿಕೆ ಬರುವಷ್ಟು ದಂಡ ಹೊಡೆಸಿದವರು, ಎರಡನೇ ದಿನ ಪ್ರೋಟೀನ್ ಡಬ್ಬಿ ಮುಂದಿಟ್ಟವರು ಸಿಕ್ಕರೆ ಚಪ್ಪಲಿ ಮೆಟ್ಟಿ ಹೊರಟುಬಿಡಿ.

ಕೊನೆಗೊಂದು ಪ್ರಶ್ನೆ ಕೇಳಲೇಬೇಕು: "ನಾನು ಎರಡು ವಾರ ಬರದಿದ್ದರೆ ಏನು ಮಾಡಲಿ?" ನಮ್ಮಲ್ಲಿ ಆ ಎರಡು ವಾರ ಬಂದೇ ಬರುತ್ತದೆ. ಆಷಾಢದ ಮಳೆ, ಚೌತಿ, ಅಡಿಕೆ ಕೊಯ್ಲು, ಮದುವೆ ಕಾಲ, ಸಾಗರದವರಿಗೆ ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ. ಪೇಟೆಯ ಕೋಚ್ ಬರೆದುಕೊಡುವ "ವಾರಕ್ಕೆ ಐದು ದಿನ" ಎಂಬ ಪಟ್ಟಿ ಈ ಪಂಚಾಂಗದ ಮುಂದೆ ನಿಲ್ಲುವುದಿಲ್ಲ. ನಿಮ್ಮ ಮನೆಯ ವರ್ಷ ಹೇಗೆ ಸಾಗುತ್ತದೆಂದು ಕೇಳಿ, ಕೊಯ್ಲಿಗೊಂದು, ಮಳೆಗೊಂದು ಪಟ್ಟಿ ಬೇರೆ ಮಾಡಿ ಕೊಡುವವರನ್ನು ಹುಡುಕಿ. ನಾನು ಕೋಚ್ ಅನ್ನುವುದು ಅವರಿಗೆ ಮಾತ್ರ.

• ಫೆಬ್ರವರಿಯಲ್ಲಿ ಗಣಪತಿ ಕೆರೆ ಹತ್ತಿರವೋ ತುಂಗಾ ತೀರದಲ್ಲೋ ಯಾರು ಬೇಕಾದರೂ ನಡೆಯುತ್ತಾರೆ. ಜೂನ್ ಎರಡನೇ ವಾರದಲ್ಲಿ ಎಷ್ಟು ಜನ ಉಳಿಯುತ್ತಾರೆ ನೋಡಿ. ಆಗುಂಬೆ, ಹುಲಿಕಲ್ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿಯವರಿಗೆ ಕೊಡೆ ಹಿಡಿದು ವಾಕಿಂಗ್ ಹೋಗಿ ಎನ್ನುವವನಿಗೆ ಮಳೆಯೂ ಗೊತ್ತಿಲ್ಲ, ಉಂಬಳವೂ ಗೊತ್ತಿಲ್ಲ. ನಮ್ಮ ಹಿರಿಯರು ಅಷ್ಟುದ್ದ ಜಗಲಿ ಕಟ್ಟಿಟ್ಟು ಹೋಗಿದ್ದಾರೆ, ಅದನ್ನು ಬಳಸಿ. ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ. ಗೋಡೆಗೆ ಕೈಯಿಟ್ಟು ದಂಡ. ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಎತ್ತಿ ಇಳಿಸುವುದು. ಎರಡು ಕೈಯಲ್ಲೂ ನೀರು ತುಂಬಿದ ಬಕೆಟ್ ಹಿಡಿದು ಜಗಲಿಯ ಈ ತುದಿಯಿಂದ ಆ ತುದಿಗೆ ನಾಲ್ಕು ಸುತ್ತು. ಹಲ್ಲುಜ್ಜುವಾಗ ಒಂಟಿಕಾಲು, ಪಕ್ಕದಲ್ಲಿ ಗೋಡೆ ಇರಲಿ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಇದನ್ನು ಏಪ್ರಿಲ್, ಮೇ ತಿಂಗಳಲ್ಲೇ ಕೋಚ್ ಎದುರು ನಿಂತು ಕಲಿತುಬಿಡಿ. ಮಂಡಿ ಒಳಗೆ ವಾಲುತ್ತದೋ, ಸೊಂಟ ಬಾಗುತ್ತದೋ ಎಂದು ನೋಡಿ ತಿದ್ದಲು ಇನ್ನೊಬ್ಬರ ಕಣ್ಣು ಬೇಕು. ಮಳೆ ಹಿಡಿದ ಮೇಲೆ ಕಲಿಯಲು ಹೊರಟರೆ ಕಲಿತ ಹಾಗೇ.

• ಕುರ್ಚಿ ಹಿಡಿದು ಮಾಡಲು ನಾಚಿಕೆ ಬೇಡ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ಹಗ್ಗ, ಪಟ್ಟಿಗಳ ಆಸರೆಯಿಂದಲೇ ಬಗ್ಗದ ಮೈಗಳಿಗೆ ಆಸನ ಕಲಿಸಿ ಜಗತ್ತಿನಲ್ಲೆಲ್ಲ ಹೆಸರು ಮಾಡಿದರು.

• ಅಂಕಿ ಬೇಕೆನ್ನುವವರಿಗೆ: ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ನಡೆಯುತ್ತ ಮಾತಾಡಲು ಬರಬೇಕು, ಹಾಡಲು ಬರಬಾರದು, ಅದು ಸಾಧಾರಣ. ಹತ್ತು ಸಾವಿರ ಹೆಜ್ಜೆಯ ಮಾತು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಹುಟ್ಟಿದ್ದು. ಆಗದಿದ್ದರೆ ಕೊರಗಬೇಡಿ.

• ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಕೂತುಬಿಡುತ್ತದೆ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಿರಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ನೋಡಿದಾಗ ಸರಾಸರಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ ಅವರ ಲೆಕ್ಕದಲ್ಲಿ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ ಎಂಬುದನ್ನೂ ಅವರು ಕಂಡರು. ಹೊಸ ಹೊತ್ತು ಹುಡುಕುವ ಬದಲು ಈಗಾಗಲೇ ತಪ್ಪದೆ ಮಾಡುವ ಕೆಲಸಕ್ಕೆ ಅಂಟಿಸಿ. ಡೈರಿಗೆ ಹಾಲು ಹಾಕಿ ಬಂದ ಕೂಡಲೇ, ಕಾಫಿಗೆ ಮೊದಲು.

• ಹೆಣ್ಣುಮಕ್ಕಳಿಗೆ ಬೇರೆಯಾಗಿ ಹೇಳುತ್ತೇನೆ. ಮುಟ್ಟು ನಿಲ್ಲುವ ಆಸುಪಾಸಿನ ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ. ಬರೀ ವಾಕಿಂಗ್ ಸಾಲದು, ಭಾರ ಎತ್ತಬೇಕು, ಎತ್ತುವ ಕ್ರಮ ಕಲಿತು ಎತ್ತಬೇಕು. ಚೂಡಿದಾರಕ್ಕೆ ಶೂ ಹಾಕಿ ಒಬ್ಬಳೇ ರಸ್ತೆಗಿಳಿದರೆ ಊರು ನೋಡುತ್ತದೆ. ಐದು ಜನ ಇಳಿದರೆ ಸ್ವಲ್ಪ ದಿನದಲ್ಲಿ ಸುಮ್ಮನಾಗುತ್ತದೆ. ಸ್ವಸಹಾಯ ಸಂಘದ ವಾರದ ಸಭೆ ಹೇಗೂ ಇದೆಯಲ್ಲ, ಆ ದಿನವೇ ಕೋಚನ್ನು ಕರೆಸಿ, ಖರ್ಚು ಹಂಚಿಕೊಳ್ಳಿ. ಗಂಡಸರು ಆ ಅರ್ಧ ಗಂಟೆ ಒಲೆ ಮುಂದೆ ನಿಂತರೆ ಅದೂ ಒಂದು ವ್ಯಾಯಾಮವೇ.

• ಪೇಟೆ ದೂರವಿದ್ದರೆ ತಿಂಗಳಿಗೆರಡು ಸಲ ಹೋಗಿ ತೋರಿಸಿ, ಉಳಿದ ದಿನ ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಕಳಿಸಿ. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುವ ಮನೆಗಳಲ್ಲಿ ಅರ್ಧ ಪಾಠ ಅಲ್ಲೇ ಮುಗಿದಿರುತ್ತದೆ.

• ಡಿಸೆಂಬರ್‌ನಿಂದ ಮೇ ತನಕ ವಾಕಿಂಗಿಗೆ ಕಾಡುದಾರಿ, ಸೊಪ್ಪಿನ ಬೆಟ್ಟ ಬೇಡವೇ ಬೇಡ. ಅದು ಉಣುಗಿನ ಕಾಲ. ಉಣುಗು ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. 2019ರಲ್ಲಿ ಸಾಗರದ ಅರಳಗೋಡು ಏನು ಅನುಭವಿಸಿತೆಂದು ನಮಗೆ ಯಾರೂ ಹೇಳಬೇಕಿಲ್ಲ. ಹೋಗಲೇಬೇಕಾದರೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿ, ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ. ಮಂಗ ಸತ್ತ ಸುದ್ದಿ ಇರುವ ಕಡೆ ತಲೆ ಹಾಕಬೇಡಿ. ಆರೋಗ್ಯಕ್ಕೆ ಟಾರು ರಸ್ತೆಯೇ ಸಾಕು.

• ಗುರಿ ಒಂದಿದ್ದರೆ ಚೆಂದ. ಮೊದಲ ವರ್ಷ ಕವಲೇದುರ್ಗ. ಮೈ ಪಳಗಿದ ಮೇಲೆ 1,343 ಮೀಟರಿನ ಕೊಡಚಾದ್ರಿ, ಜೀಪಿಲ್ಲದೆ. ಹತ್ತುವಾಗ ಉಸಿರಿಗೆ ಕೆಲಸ, ಇಳಿಯುವಾಗ ಮಂಡಿಗೆ. ಬಹಳ ಜನ ಹತ್ತಲು ತಯಾರಿ ಮಾಡುತ್ತಾರೆ, ಇಳಿಯಲು ಮಾಡುವುದಿಲ್ಲ. ಮೆಟ್ಟಿಲನ್ನು ನಿಧಾನಕ್ಕೆ ಇಳಿಯುವ ಪಾಠ ಕೋಚ್ ಹತ್ತಿರ ಕೇಳಿ ಮಾಡಿಸಿಕೊಳ್ಳಿ, ಮೂರು ತಿಂಗಳು ಮೊದಲೇ.

• ಊಟದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ತೊಡೆದೇವು ನನಗೂ ಇಷ್ಟ. ಹೊಗೆಸೊಪ್ಪಿನ ಕವಳ ಮಾತ್ರ ಬಿಡಿ.

• ಕೋಚ್‌ಗೆ ದುಡ್ಡು ಕೊಡಿ. ಪರಿಚಯದವನು, ನಮ್ಮೂರ ಹುಡುಗ ಎಂದು ಬಾಳೆಗೊನೆ ಕಳಿಸಿ ಮುಗಿಸುವ ಚಾಳಿ ನಮ್ಮಲ್ಲಿದೆ. ಬಿಟ್ಟಿ ಪಾಠಕ್ಕೆ ಚಕ್ಕರ್ ಹೊಡೆಯಲು ನಾಚಿಕೆಯಾಗುವುದಿಲ್ಲ, ಹೇಳಿಕೊಡುವವನೂ ಬಾ ಎಂದು ಗದರುವುದಿಲ್ಲ. ಜೂನ್, ಜುಲೈ, ಆಗಸ್ಟಿನ ಫೀಸು ಮೇ ಕೊನೆಯೊಳಗೆ ಕೈಗಿಟ್ಟುಬಿಡಿ. ಬಾಳೆಗೊನೆ ಬೇಕಾದರೆ ಅದರ ಜೊತೆಗೆ ಕಳಿಸಿ.